ಮೇಕಪ್ ಕೋಣೆಯ ಸಾಕ್ಷಿ

ಲೀಡ್ಸ್
ಮೇ ೧೨, ಭಾನುವಾರ

ನನ್ನ ಮುದ್ದಿನ ವೆರೋನಾ ಅಕ್ಕನಿಗೆ, ನಿನ್ನ ತರಲೆ ತಂಗಿಯ ಗಟ್ಟಿ ಅಪ್ಪುಗೆ.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ಚರ್ಚಿನಿಂದ ಬಂದು, ತೊಗರಿಕಾಳಿನ ಅನ್ನ, ಕರಿದ ಮೀನು ಮಾಡಿ, ಉಂಡು ಕೂತಿದ್ದೇನೆ. ನನ್ನ ಗಂಡ ಕಾರ್ಲ್ಟನ್ ಡಾಮಿನೋ ಆಟದಲ್ಲಿ ಸೋತು ಬಂದು ಮುಖ ಊದಿಸಿಕೊಂಡಿದ್ದರು. ಊಟವಾದ ಮೇಲೆ ಸರಿಹೋದರು.

ಕ್ಲೈವನ ಸುದ್ದಿ ಅಲ್ಲಿ ಬಾರ್ಬಡೋಸಿನ ಪೇಪರಿನಲ್ಲೂ ಬಂದಿದೆ ಎಂದು ಫೋನಿನಲ್ಲಿ ಕಿರುಚಿದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಟ್ಟರೆ ತಾನೇ!

ಕ್ಲೈವ್ ನಮ್ಮ ಟಿವಿ ಸ್ಟೇಷನ್ನಿನಲ್ಲಿ ಸಂಜೆ ಆರರ ಕಾರ್ಯಕ್ರಮ ನಡೆಸುವವನು. ಈ ಊರಿನ ಅಜ್ಜಿಯರಿಗೆಲ್ಲ ಅವನೆಂದರೆ ಪ್ರಾಣ. ಹತ್ತೊಂಬತ್ತು ವರ್ಷದಿಂದ ಅವನ ಮುಖಕ್ಕೆ ಪೌಡರ್ ಹಚ್ಚಿದ್ದು ನಾನೇ. ಮಾರ್ಚಿನಲ್ಲಿ ಒಂದು ಸಂಜೆ ಅವನು ನನ್ನ ಕುರ್ಚಿಯಲ್ಲಿ ಕೂತಿದ್ದ. ಹವಾಮಾನ ಓದುವ ಹೊಸ ಹುಡುಗಿ ಶಾನಿಸ್ ಮೇಕಪ್ ಮುಗಿಸಿ ಎದ್ದು ಹೊರಟಳು. ನಮ್ಮ ಕಡೆಯವಳೇ, ಅವಳ ಅಪ್ಪ ಅಮ್ಮ ನಮ್ಮ ಹತ್ತಿರದ ದ್ವೀಪ ಸೇಂಟ್ ಕಿಟ್ಸ್‌ನವರು. ಅವಳಿನ್ನೂ ಬಾಗಿಲು ದಾಟಿರಲಿಲ್ಲ, ಕ್ಲೈವ್ ಅವಳನ್ನು ಆ ಪದದಿಂದ ಕರೆದು ನಕ್ಕ. ಯಾವ ಪದವೆಂದು ಬರೆಯಲು ಕೈ ಬರುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಬಿಳಿಯ ಮೇಸ್ತ್ರಿ ನಮ್ಮ ಅಜ್ಜನ ಕಪ್ಪು ಬಣ್ಣ ಹಿಡಿದು ಕೂಗುತ್ತಿದ್ದನಲ್ಲ, ಅದೇ. ಹುಡುಗಿ ತಿರುಗಿ ಅವನನ್ನು ನೋಡಿ, ನನ್ನನ್ನೂ ನೋಡಿ, ಹೋದಳು.

ಮರುದಿನ ದೂರು ಕೊಟ್ಟಳು. ಕ್ಲೈವ್ "ನಾನು ಅಂದೇ ಇಲ್ಲ" ಎಂದು ಸಾಧಿಸಿದ. ಆಮೇಲೆ ಕೇಳಬೇಕೆ! ಪೇಪರು, ರೇಡಿಯೋ, ಟಿವಿಯ ಗೇಟಿನ ಮುಂದೆ ಎರಡು ಗುಂಪು. ಬಸ್ಸಿನಲ್ಲಿ ಒಬ್ಬಳು ಮುದುಕಿ ನನ್ನ ಪಕ್ಕದಲ್ಲೇ ಕೂತು, "ಪಾಪ ಕ್ಲೈವ್, ಹೆಸರು ಮಾಡೋಕೆ ಆ ಹುಡುಗಿ ಕಟ್ಟಿರೋ ಕಥೆ" ಎಂದಳು. ಶಾನಿಸ್‌ಳನ್ನು ಪರದೆಯಿಂದ ಇಳಿಸಿದರು. ವಿಚಾರಣೆಯಲ್ಲಿ ಅವಳ ಮಾತು ಸುಳ್ಳೆಂದಾದರೆ ಕೆಲಸ ಹೋದಂತೆಯೇ. ಅವರಿಬ್ಬರನ್ನು ಬಿಟ್ಟರೆ ಆ ಕೋಣೆಯಲ್ಲಿ ಇದ್ದವಳು ನಾನೊಬ್ಬಳು.

ಕುರ್ಚಿಯಲ್ಲಿ ಕೂತವರು ಆಡಿದ್ದನ್ನು ಹೊರಗೆ ಬಾಯಿಬಿಡಬಾರದು ಎಂಬುದು ಮೇಕಪ್ ಮಾಡುವವರ ಮೊದಲ ನಿಯಮ. ಎಷ್ಟು ಜನರ ಗಂಡ-ಹೆಂಡತಿ ಜಗಳ ನನ್ನ ಹೊಟ್ಟೆಯಲ್ಲಿದೆಯೋ ದೇವರಿಗೇ ಗೊತ್ತು. ಕ್ಲೈವ್ ಅದನ್ನೇ ನಂಬಿದ್ದ. ಚಾಕೊಲೇಟ್ ಡಬ್ಬಿ ಹಿಡಿದು ಮನೆಗೇ ಬಂದ.

"ಮಾರ್ವಾ, ನೀನು ಸುಳ್ಳೇನೂ ಹೇಳ್ಬೇಡ ಕಣೆ. ಹೇರ್ ಡ್ರೈಯರ್ ಹಾಕಿದ್ದೆ, ಏನೂ ಕೇಳಿಸ್ಲಿಲ್ಲ ಅನ್ನು, ಸಾಕು" ಎಂದ.

ಅವನು ಹೋದ ಮೇಲೆ ಕಾರ್ಲ್ಟನ್ ಡಬ್ಬಿ ತೆಗೆದು ಒಂದೊಂದೇ ತಿನ್ನುತ್ತಾ, "ಚಾಕೊಲೇಟ್ ತಿಂದಿದ್ದು ನಾನು. ನೀನು ಋಣದಲ್ಲಿಲ್ಲ, ನೆನಪಿರಲಿ" ಎಂದರು. ಈ ಮನುಷ್ಯನನ್ನು ಕಟ್ಟಿಕೊಂಡಿದ್ದಕ್ಕೆ ಆ ದಿನದಷ್ಟು ಖುಷಿ ಎಂದೂ ಆಗಿರಲಿಲ್ಲ.

ವಿಚಾರಣೆಯ ದಿನ ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿಕೊಂಡು ಹೋದೆ. ಕ್ಲೈವ್ ಎದುರಿಗೇ ಕೂತಿದ್ದ. ಅವನು ಆ ಪದ ಆಡಿದ್ದು ನಿಜ, ನನ್ನ ಕಿವಿಯಾರೆ ಕೇಳಿದೆ ಎಂದೆ. ಅವನ ವಕೀಲರು ಬಹಳ ನಯವಾಗಿ, "ಡ್ರೈಯರ್ ಶಬ್ದದಲ್ಲಿ ಇಷ್ಟು ಖಚಿತವಾಗಿ ಹೇಗೆ ಕೇಳಿಸ್ತಮ್ಮಾ?" ಎಂದರು.

"ಡ್ರೈಯರ್ ಹಾಕೋದು ಕೂದಲಿಗೆ, ಸಾರ್" ಎಂದೆ.

ಅಕ್ಕಾ, ವಿಚಾರಣಾ ಸಮಿತಿಯ ಐವರೂ ಕ್ಲೈವನ ತಲೆಯನ್ನೇ ನೋಡಿದರು. ಅವನ ಕಿವಿ ಕೆಂಪಾಯಿತು. ಆ ಸೊಂಪಾದ ಕ್ರಾಪು ಪ್ರತಿ ಸಂಜೆ ಡಬ್ಬಿಯಿಂದ ಬರುತ್ತದೆಂದು ಭೂಮಿಯ ಮೇಲೆ ಗೊತ್ತಿದ್ದದ್ದು ಅವನ ಹೆಂಡತಿಗೆ ಮತ್ತು ನನಗೆ ಮಾತ್ರ. ಆ ಗುಟ್ಟು ಬಿಟ್ಟುಕೊಟ್ಟಿದ್ದಕ್ಕೆ ಸ್ವಲ್ಪ ಬೇಜಾರಿದೆ. ಸ್ವಲ್ಪವೇ.

ಕ್ಲೈವನನ್ನು ಕಾರ್ಯಕ್ರಮದಿಂದ ತೆಗೆದರು. ಶುಕ್ರವಾರ ಶಾನಿಸ್ ಮತ್ತೆ ಪರದೆಗೆ ಬಂದಳು. ನಾನೇ ಸಿಂಗರಿಸಿ ಕಳಿಸಿದೆ. ಮೂರು ದಿನ ಜಡಿಮಳೆ ಎಂದು ಹೇಳುವಾಗಲೂ ಅವಳ ಮುಖ ನೋಡಬೇಕಿತ್ತು! ಕೆಲಸದ ಕಡೆ ಒಂದಿಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ. ಬಹಳ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡುತ್ತಿದ್ದೇನೆ.

ಮಂಡಿನೋವಿಗೆ ಎಣ್ಣೆ ಹಚ್ಚಿಸಿಕೋ, ಸೋಮಾರಿತನ ಮಾಡಬೇಡ.

ಹೊಟ್ಟೆ ತುಂಬಿದ, ಮನಸ್ಸು ಹಗುರಾದ ನಿನ್ನ
ಮಾರ್ವಾ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದಿದ್ದೇನೆ. ಕ್ಲೈವ್ ಹಿಂದೆಯೂ ಆ ಪದ ಆಡಿದ್ದುಂಟೇ ಎಂದು ಸಮಿತಿಯವರು ಕೇಳಿದ್ದರು. ಇಲ್ಲ ಎಂದುಬಿಟ್ಟೆ. ಅದು ಸುಳ್ಳು, ಅಕ್ಕಾ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಆಡಿದ್ದ, ನನಗೇ. ಆಮೇಲೆ ಲೆಕ್ಕವಿಲ್ಲ. ನಿನಗೆ ಮಾತ್ರ, ಇಲ್ಲಿ ನನ್ನನ್ನು ರಾಣಿಯ ಹಾಗೆ ನೋಡಿಕೊಳ್ಳುತ್ತಾರೆ ಎಂದು ಬರೆಯುತ್ತಿದ್ದೆ. ಈಗ ಅವನು, ಒಂದೇ ಒಂದು ಸಲ ಬಾಯಿ ತಪ್ಪಿತು, ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ ಎಂದು ಅರ್ಜಿ ಹಾಕಿದ್ದಾನೆ. ನಿನ್ನೆ ಶಾನಿಸ್‌ಗೆ ಎಲ್ಲ ಹೇಳಿದೆ. ಅವಳು, "ನಾಳಿದ್ದು ಹೋಗಿ ಅದನ್ನೂ ಬರೆಸೋಣ ಆಂಟಿ, ನಾನೂ ಜೊತೆಗೆ ಬರ್ತೀನಿ" ಎಂದಳು. ಹೋಗುತ್ತೇನೆ. ಆಗೆಲ್ಲ ನೀವೇನು ಮಾಡಿದಿರಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಅವನ ಜೊತೆ ನಾನೂ ನಗುತ್ತಿದ್ದೆ ಎಂದು ಹೇಳುತ್ತೇನೆ.