ಗೈರಿನ ಕಾರಣ

ಆಗಸ್ಟ್ 4, ಸೋಮವಾರ. ಸಂಜೆ 7.15

ಇಪ್ಪತ್ತೆರಡೂ ಹಾಜರು. ಅರ್ಧ ಗಂಟೆ ಲೆಕ್ಕ, ಆಮೇಲೆ ಕಬಡ್ಡಿ. ಅದಿರು ಲಾರಿಗಳು ಊರು ದಾಟುವ ಹೊತ್ತು. ಮಕ್ಕಳು ಕೆಮ್ಮುತ್ತಲೇ ರೇಡ್ ಹೋಗುತ್ತಾರೆ. ಉಸಿರು ಹಿಡಿಯುವ ಆಟವನ್ನು ಇಂಥ ಊರಲ್ಲಿ ಆಡಿಸಬೇಕು ನೋಡಿ, ಆಗ ಗೊತ್ತಾಗುತ್ತದೆ ಯಾರ ಉಸಿರು ಯಾರ ಕೈಲಿದೆ ಅಂತ.

ಪೊಲೀಸ್ ಠಾಣೆಯವರು ಈ ಕ್ರೀಡಾಕೂಟ ಶುರು ಮಾಡಿ, ಚಿತ್ತವಾಡ್ಗಿಯ ಮಕ್ಕಳಿಗೆ ಕೋಚ್ ಆಗಿ ಬನ್ನಿ ಅಂತ ನನ್ನನ್ನು ಕರೆದಾಗ ನಮ್ಮ ಹೋರಾಟದ ಸಂಘಟನೆಯ ಗೆಳೆಯರು 'ಖಾಕಿ ಟೀಚರ್' ಅಂತ ಹಂಗಿಸಿದರು. ಮ್ಯಾಟ್, ಜೆರ್ಸಿ, ಹಾಲು, ಬಾಳೆಹಣ್ಣು — ಯಾರಪ್ಪನದು? ನಮ್ಮ ಜನರ ಬೆವರು. ಲಾಠಿ ಇಸಕೊಂಡವರು ಹಾಲು ಯಾಕೆ ಬಿಡಬೇಕು? ಅದೇ ನನ್ನ ಉತ್ತರ. ಈಗಲೂ ಅದೇ.

ಇವತ್ತು ಹುಲುಗೇಶ್ ಜೊತೆ ಮತ್ತೆ ಜಗಳ. ಕೂಟ ನೋಡಿಕೊಳ್ಳುವ ಕಾನ್‌ಸ್ಟೇಬಲ್ ಅವನು, ಕಂಪ್ಲಿ ಕಡೆಯವನು. ಮಕ್ಕಳಿಗೆ 'ಹುಲಿ ಸರ್'. ಚಡ್ಡಿ ಹಾಕಿ ಮಣ್ಣಲ್ಲಿ ಬೀಳುತ್ತಾನೆ, ಅದನ್ನು ಒಪ್ಪಬೇಕು. ಜಗಳ ಹಾಜರಿ ಪುಸ್ತಕದ ಕೊನೇ ಕಾಲಂ ಬಗ್ಗೆ. 'ಗೈರಿನ ಕಾರಣ.' ಪ್ರತಿ ಶನಿವಾರ ಪುಸ್ತಕ ಠಾಣೆಗೆ ಹೋಗುತ್ತದೆ, ಸೋಮವಾರ ಸಾಹೇಬರ ಸಹಿ ಬಿದ್ದು ಬರುತ್ತದೆ.

"ಅದೊಂದು ಕಾಲಂ ಖಾಲಿ ಬಿಡ್ರಿ ಮೇಡಂ," ಅಂದ. "ಅಷ್ಟುದ್ದ ಯಾಕ ಬರೀತೀರಿ?"

ಬಿಡಲಿಲ್ಲ. ಹದಿನೈದು ವರ್ಷದ ಹಿಂದಿನದು ಹೇಳಿದೆ. ಶಾಲೆ ಪುಸ್ತಕದಲ್ಲಿ ಬರೀ 'ಗೈರು, ಗೈರು' ಅಂತ ಇದ್ದ ನಲವತ್ತು ಹುಡುಗಿಯರು ಗಣಿಯಲ್ಲಿ ಅದಿರು ಆರಿಸುತ್ತಿದ್ದರು. ನಾವು ಮನೆಮನೆಗೆ ಹೋಗಿ ಒಬ್ಬೊಬ್ಬಳ ಕಾರಣ ಬರೆದು ಶಿಕ್ಷಣ ಇಲಾಖೆಯ ಆಫೀಸಿನ ಟೇಬಲ್ ಮೇಲೆ ಒಗೆದೆವು. ಹಾಸ್ಟೆಲ್ ಬಂತು. ಕಾರಣ ಬರೆಯದ ಗೈರು ಅಂದರೆ ಮಗುವನ್ನು ಹೂತ ಹಾಗೆ. ಮಕ್ಕಳಿಗೂ ಕಲಿಸಿದ್ದೇನೆ, ಪಕ್ಕದವಳು ಬರದಿದ್ದರೆ ಯಾಕೆ ಅಂತ ತಿಳಕೊಂಡು ಬಂದು ಹೇಳಬೇಕು.

"ಆಯ್ತ್ರಿ," ಅಂತ ಮ್ಯಾಟ್ ಸುತ್ತಲು ಹೋದ.

ಆ. 5, ಮಂಗಳವಾರ

ಅಂಜಲಿ ಗೈರು. ಇದು ಮೂರನೇ ಮಂಗಳವಾರ. ಒಂಬತ್ತನೇ ಕ್ಲಾಸು, ಜೆರ್ಸಿ ನಂಬರ್ ಏಳು. ನನ್ನ ಕೈಯಲ್ಲಿ ತಯಾರಾದ ರೇಡರ್‌ಗಳಲ್ಲಿ ಇವಳ ಕಾಲಿನಷ್ಟು ಸುಳ್ಳು ಹೇಳುವ ಕಾಲು ಇನ್ನೊಂದಿಲ್ಲ. ಎಡಕ್ಕೆ ತೋರಿಸಿ ಬಲಕ್ಕೆ ಹೊಡೆಯುತ್ತಾಳೆ.

ಕಾರಣವನ್ನು ಗೆಳತಿ ಕೊಟ್ರಬಸಮ್ಮ, ಎಲ್ಲರ ಬಾಯಲ್ಲಿ ಕೊಟ್ರಿ, ಹೇಳಿದಳು. ದರೋಜಿಯಲ್ಲಿ ಅಜ್ಜಿ ಹೊಳೆಮ್ಮಗೆ ಹುಷಾರಿಲ್ಲವಂತೆ. ರೊಟ್ಟಿ ಗಂಟು ಒಯ್ಯುತ್ತಾಳಂತೆ, ಪ್ರತಿ ಮಂಗಳವಾರ, ಮೂರರ ಬಸ್ಸಿಗೆ. ಹಿಂದಿನ ಎರಡು ಮಂಗಳವಾರದ ಹಾಗೇ ಈ ಸಲವೂ ಬರೆದೆ. ಬಸ್ಸಿನ ಹೊತ್ತಿನ ಸಮೇತ.

ಆ ಮನೆಗೆ ಇದೊಂದೇ ಚಿಂತೆಯಲ್ಲ. ಅಣ್ಣ ಪಂಪೇಶ್ ನಮ್ಮ ಸಂಘಟನೆಯವನು. ಹೋದ ತಿಂಗಳು ಧೂಳಿನ ವಿರುದ್ಧ ಸಂಡೂರು ರಸ್ತೆಯಲ್ಲಿ ಲಾರಿ ತಡೆದೆವು. ಒಂಬತ್ತು ಜನರ ಮೇಲೆ ಕೇಸು. ಎಂಟು ಜನಕ್ಕೆ ಜಾಮೀನು ಸಿಕ್ಕಿದೆ. ಅವನ ಅರ್ಜಿ ಹದಿನಾಲ್ಕಕ್ಕೆ ಕೋರ್ಟಿಗೆ ಬರುತ್ತದೆ. ಅಲ್ಲಿಯವರೆಗೆ ಸಿಗಬಾರದು ಅಂತ ವಕೀಲ ಬಸವರಾಜ್ ಹೇಳಿದ್ದಾನೆ. ಎಲ್ಲಿದ್ದಾನೆ? ಯಾರೂ ಕೇಳುವ ಹಾಗಿಲ್ಲ. ನಮ್ಮ ನಿಯಮ. ಗೊತ್ತಿಲ್ಲದ್ದನ್ನು ಯಾವ ಬೂಟೂ ಬಾಯಿ ಬಿಡಿಸಲಾರದು. ನಾನೂ ಕೇಳಿಲ್ಲ.

ಆ. 11, ಸೋಮವಾರ

ಪುಸ್ತಕ ಠಾಣೆಯಿಂದ ಬರಲಿಲ್ಲ. ಸಾಹೇಬರ ಟೇಬಲ್ ಮೇಲಿದೆ ಅಂದ ಹುಲುಗೇಶ್. ಬಿಡಿ ಹಾಳೆಯಲ್ಲಿ ಹಾಜರಿ. ಅವನು ಇವತ್ತು ಆಡಲೂ ಇಲ್ಲ. ಬೌಂಡರಿ ಕಲ್ಲಿನ ಮೇಲೆ ಕೂತು ಅಂಜಲಿಯ ಆಟ ನೋಡಿದ. ಏನೋ ಹೇಳಲು ಬಂದ... ಹಾಲಿನ ಕ್ಯಾನು ಎತ್ತಿಕೊಂಡು ಹೋದ.

ಆ. 13, ಬುಧವಾರ. ಬೆಳಗ್ಗೆ 6

ಬರೆಯಬೇಕು.

ಪಂಪೇಶ್ ಸಿಕ್ಕಿಬಿದ್ದ. ನಿನ್ನೆ ಸಂಜೆ. ದರೋಜಿಯಲ್ಲಿ, ಅಜ್ಜಿಯ ಮನೆಯಲ್ಲಿ. ಹೊಳೆಮ್ಮಗೆ ಏನೂ ಆಗಿರಲಿಲ್ಲ. ರೊಟ್ಟಿ ಹೋಗುತ್ತಿದ್ದದ್ದು ಅವನಿಗೆ.

ಅಂಜಲಿ ಮೂರರ ಬಸ್ಸು ಇಳಿದು ಗಂಟು ಹೊತ್ತು ಹೊರಟಳು. ಹಿಂದೆ ಬೈಕಿನಲ್ಲಿ ಇಬ್ಬರು, ಮಫ್ತಿಯಲ್ಲಿ. ಹುಡುಗಿ ನಮ್ಮ ಜೆರ್ಸಿ ಹಾಕಿದ್ದಳು. ಒಳ್ಳೇ ಅಂಗಿ ಅವಳಿಗೆ ಅದೊಂದೇ. ಬೆನ್ನ ಮೇಲೆ 'ಪೊಲೀಸ್ ನಿಮ್ಮ ಗೆಳೆಯ'. ಆ ಬೆನ್ನನ್ನೇ ಓದುತ್ತಾ ಬಂದಿದ್ದಾರೆ, ಬಾಗಿಲವರೆಗೆ. ಅವಳ ಕಣ್ಣೆದುರೇ ಅಣ್ಣನನ್ನು ಕೂದಲು ಹಿಡಿದು ಎಳೆದರಂತೆ.

ಹುಲುಗೇಶ್. ಇನ್ಯಾರು? ನಕ್ಕು ನಲಿದು ಮಕ್ಕಳ ಬಾಯಿ ಬಿಡಿಸಿದ್ದಾನೆ. ನಿನ್ನೆ ಮೈದಾನಕ್ಕೂ ಬರಲಿಲ್ಲ.

ಆ. 14, ಗುರುವಾರ

ಕೋರ್ಟು. ಪಂಪೇಶ್ ಪಾದ ಊರದೆ ನಡೆದ, ಹಿಮ್ಮಡಿ ಎತ್ತಿ, ಬೆಂಕಿಯ ಮೇಲೆ ನಡೆಯುವವನ ಹಾಗೆ. ಜಡ್ಜ್ ಕೇಳಿದ್ದಕ್ಕೆ ಬಿದ್ದೆ ಅಂದ. ಜೈಲಿಗೆ ಕಳಿಸಿದರು.

ಸಂಜೆ ಮೈದಾನದಲ್ಲಿ ಮಕ್ಕಳ ಎದುರೇ ಹುಲುಗೇಶನ ಮುಖಕ್ಕೆ ಬೈದೆ. ಹಾಲು ಕುಡಿಸಿ ಬೇಟೆ ಆಡುತ್ತೀರಿ ಅಂದೆ. ನಾಯಿಗೂ ನಿಯತ್ತು ಇರುತ್ತದೆ ಅಂದೆ. ತಲೆ ಎತ್ತಲಿಲ್ಲ ಅವನು. ಬಗ್ಗಿದ ಆ ತಲೆಯೇ ಸಾಕ್ಷಿ ಅಂತ ಮನೆಗೆ ಬಂದು ಕರಪತ್ರ ಬರೆದೆ. ಅವನ ಹೆಸರು ಹಾಕಿ.

ಅಂಜಲಿಯ ಅವ್ವ ಎರ್ರೆಮ್ಮ ಮಗಳನ್ನು ಸೌದೆಯಲ್ಲಿ ಹೊಡೆದಳಂತೆ. ಆಟಕ್ಕೆ ಹೋಗಿ ಅಣ್ಣನನ್ನು ಕೊಟ್ಟು ಬಂದಿ ಅಂತ. ಏಳನೇ ನಂಬರ್ ಜೆರ್ಸಿ ಒಲೆಗೆ ಹೋಯಿತು.

ಆ. 18, ಸೋಮವಾರ

ಪುಸ್ತಕ ಬಂತು.

ಹುಲುಗೇಶ್ ಮ್ಯಾಟ್ ಮೇಲೆ ಇಟ್ಟು ದೂರ ನಿಂತ. ತೆರೆದೆ. ಮೂರು ಮಂಗಳವಾರಗಳ ಎದುರು, ಕೊನೇ ಕಾಲಂನಲ್ಲಿ, ನನ್ನ ಗುಂಡು ಅಕ್ಷರ. ದರೋಜಿ. ಅಜ್ಜಿ ಹೊಳೆಮ್ಮ. ರೊಟ್ಟಿ ಗಂಟು. ಮೂರರ ಬಸ್ಸು. ಅಡಿಯಲ್ಲಿ ಕೆಂಪು ಪೆನ್ಸಿಲ್ ಗೆರೆ, ಸ್ಕೇಲ್ ಇಟ್ಟು ಎಳೆದದ್ದು. ಪಕ್ಕದಲ್ಲಿ ಸಹಿ.

ಹಾಳೆ ಹಿಂದಕ್ಕೆ ಮಗುಚಿದೆ, ಮತ್ತೆ ಮುಂದಕ್ಕೆ. ಮಕ್ಕಳ ಗದ್ದಲ ಎಲ್ಲೋ ದೂರದಲ್ಲಿ.

ಹುಲುಗೇಶ್ ಹತ್ತಿರ ಬಂದ. ಮಕ್ಕಳಿಗೆ ಕೇಳಿಸದ ಹಾಗೆ ಅಂದ, "ಖಾಲಿ ಬಿಡ್ರಿ ಅಂತ ಅಂದಿದ್ನೆಲ್ರಿ ಮೇಡಂ. ಅದಕ್ಕಿಂತ ಜಾಸ್ತಿ ನಾ ಹೆಂಗ ಹೇಳ್ಲಿ? ನನಗೂ ನೌಕರಿ ಐತಿ."

ನಿಯಮ ಪಾಲಿಸಿದ್ದೆ. ಎಲ್ಲಿದ್ದಾನೆ ಅಂತ ಕೇಳಿರಲಿಲ್ಲ. ಕೇಳದೆಯೇ ಬರೆದುಕೊಟ್ಟೆ. ಹೊಡೆತ ತಿನ್ನದೆ, ಯಾರೂ ಬಾಯಿ ಬಿಡಿಸದೆ — ನೀಲಿ ಶಾಯಿಯಲ್ಲಿ, ದಿನಾಂಕ ಹಾಕಿ.

ಕರಪತ್ರದ ಐನೂರು ಪ್ರತಿ ಚೀಲದಲ್ಲಿವೆ.

ಆ. 20, ಬುಧವಾರ. ಮಧ್ಯಾಹ್ನ

ನಿನ್ನೆಯದು ಬರೆಯಲಾಗಲಿಲ್ಲ. ಕರಪತ್ರ ಹಿತ್ತಲಲ್ಲಿ ಸುಟ್ಟೆ. ಸಂಘಟನೆಯ ಸಭೆಗೆ ಹೋಗಿ ನಾನೇ ಅಂತ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸವರಾಜ್ ಕನ್ನಡಕ ಒರೆಸಿದ, ಒರೆಸುತ್ತಲೇ ಇದ್ದ.

ಇವತ್ತು ಎರ್ರೆಮ್ಮನ ಮನೆಗೆ. ಗುರುವಾರದ ಬಸ್ಸಿಗೆ ಮಗಳನ್ನು ಕಂಪ್ಲಿಗೆ, ಚಿಕ್ಕಮ್ಮನ ಮನೆಗೆ ಕಳಿಸುತ್ತಾಳೆ. ಶಾಲೆ ಬ್ಯಾಡ, ಆಟ ಬ್ಯಾಡ, ನಾಟಿ ಕೆಲಸಕ್ಕೆ ಹೋಗಲಿ ಅಂತ. ಬಟ್ಟೆ ಗಂಟು ಕಟ್ಟಿ ಇಟ್ಟಿದ್ದಳು. ಅಂಜಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ತೋಳಿನಲ್ಲಿ ಬರೆ.

ಪುಸ್ತಕ ತೆರೆದು ತೋರಿಸಿದೆ. ಎರ್ರೆಮ್ಮಗೆ ಓದಲು ಬರುವುದಿಲ್ಲ. ನಾನೇ ಓದಿದೆ. ಮೂರು ಸಲ, ಮೂರು ಮಂಗಳವಾರ. ರೊಟ್ಟಿ ತಟ್ಟುವ ಕೈ ನಿಂತಿತು. ಹಂಚಿನ ಮೇಲಿನದು ಸೀದು ಹೊಗೆ ಎದ್ದಿತು.

"ನಾ ಹೆಬ್ಬೆಟ್ಟಿನಾಕಿ," ಅಂದಳು. "ಹಿಂಥಾದ್ದು ಮಾಡಬೇಕಂದ್ರೂ ನನ್ನ ಕೈಲಿ ಆಗ್ತಿದ್ದಿಲ್ಲ."

ಸೀದ ರೊಟ್ಟಿ ತೆಗೆದು ಬದಿಗಿಟ್ಟಳು.

ಅಂಜಲಿ ಗೋಡೆಯಿಂದ ತಿರುಗಿದಳು.

"ಹಂಗಾರ ನಾ ಅಲ್ಲೇನ್ರಿ ಟೀಚರ್?"

ಬಯ್ಯಲಿಲ್ಲ. ಅಳಲಿಲ್ಲ. ಬರೀ ಕೇಳಿದಳು. ಹದಿನೈದು ವರ್ಷದ ಮೈಕು, ಘೋಷಣೆ, ಬೀದಿ ನಾಟಕ... ಉಳಿದದ್ದು ಒಂದು 'ಅಲ್ಲ'. ನೀನಲ್ಲ ಅಂತ ತಲೆ ಆಡಿಸಿದೆ.

ಎರ್ರೆಮ್ಮ ಎದ್ದು ಬಟ್ಟೆ ಗಂಟು ಬಿಚ್ಚಿದಳು. ನನ್ನ ಕಡೆ ನೋಡಲಿಲ್ಲ.

ಆ. 22, ಶುಕ್ರವಾರ. ಸಂಜೆ 7

ಇವತ್ತು ಹೊಸ ಪುಸ್ತಕ ಬಂತು. ಅಚ್ಚಾದದ್ದು. ಜೊತೆಗೆ ಒಂದು ಪತ್ರ, ನನ್ನ ಹೆಸರಿಗೆ, ಮೇಲಿನವರ ಮೆಚ್ಚುಗೆ. ಚಿತ್ತವಾಡ್ಗಿ ಕೂಟದ ಹಾಜರಿ ಮಾದರಿಯಾಗಿದೆಯಂತೆ. ಇನ್ನು ಹಂಪಿ, ಕಂಪ್ಲಿ, ಸಂಡೂರು ಎಲ್ಲ ಕೂಟಗಳಲ್ಲೂ ಗೈರಿನ ಕಾರಣ ವಿವರವಾಗಿ ತುಂಬಬೇಕಂತೆ. ಉಳಿದ ಕೋಚ್‌ಗಳಿಗೆ ನಾನು ತರಬೇತಿ ಕೊಡಬೇಕಂತೆ. ಕೊನೇ ಕಾಲಂ ಈಗ ಎರಡು ಪಟ್ಟು ಅಗಲ.

ಎರಡು ಸಲ ಓದಿದೆ. ಮೂರನೇ ಸಲ ಅಕ್ಷರ ಕಾಣಲಿಲ್ಲ.

ಹುಲುಗೇಶ್ ನನ್ನ ಮುಖ ನೋಡಲಾರದೆ ಬಾಳೆಹಣ್ಣು ಹಂಚುತ್ತಿದ್ದ. ಅಂಜಲಿ ಬಂದಿದ್ದಳು. ಶಾಲೆಯ ಅಂಗಿಯಲ್ಲಿ. ಹಣ್ಣು ಮುಟ್ಟಲಿಲ್ಲ. ಗೆರೆಯ ಹೊರಗೆ ನಿಂತು ಕಾಲಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು.

ಹೆಸರು ಕೂಗಿದೆ. ಹೊಸ ಹಾಳೆ, ಮೊದಲ ಗೈರು. ಕೊಟ್ರಿ.

ಸಣ್ಣಾಕಿ ಹೇಮಾ, ಐದನೇ ಕ್ಲಾಸು, ಕೈ ಎತ್ತಿಕೊಂಡು ಓಡಿ ಬಂದಳು. ನಾನು ಕಲಿಸಿದ ಹಾಗೆ, ಕಾರಣ ತಂದಿದ್ದಳು. "ಟೀಚರ್, ಕೊಟ್ರಿ ಯಾಕ ಬಂದಿಲ್ಲಂದ್ರ, ಅವ್ರಪ್ಪ ಇವತ್ತು ಲಾರಿ ರೋಡಿಗೆ—"

ಅಂಗೈಯಿಂದ ಅವಳ ಬಾಯಿ ಮುಚ್ಚಿದೆ. ಗಟ್ಟಿಯಾಗಿ. ಮಗು ಬೆಚ್ಚಿ ನನ್ನನ್ನೇ ನೋಡಿತು. ಕೈಯಡಿಯಲ್ಲಿ ತುಟಿ ಇನ್ನೂ ಹೇಳುತ್ತಲೇ ಇತ್ತು. ಇನ್ನೊಂದು ಕೈಯಲ್ಲಿ ಪೆನ್ನು, ತೊಡೆಯ ಮೇಲೆ ಪುಸ್ತಕ, ಆ ಅಗಲವಾದ ಕಾಲಂ...

ಬರೆದೆ. ಗೈರು — ಕೊಟ್ರಬಸಮ್ಮ. ಕಾರಣ —