ಅವಳು ಹೊಡೆಯಲಿಲ್ಲ

ಜುಲೈ 8, ಮಂಗಳವಾರ

ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ರಶ್ಶು. ಒಬ್ಬರ ರಕ್ತ ತೆಗೆಯಲು ತೋಳಿಗೆ ಪಟ್ಟಿ ಬಿಗಿಯುತ್ತಿದ್ದೆ. ಪ್ರಿನ್ಸಿಪಾಲರ ಫೋನ್. "ನಿಮ್ಮ ಮಗಳು ಒಬ್ಬ ಹುಡುಗನನ್ನ ಬೀಳಿಸಿದ್ದಾಳೆ. ಕೂಡ್ಲೇ ಬನ್ನಿ."

ಹೋದೆ. ಹುಡುಗ ಹತ್ತನೇ ಕ್ಲಾಸು. ಇವಳು ಎಂಟು. ಇವಳಿಗಿಂತ ಮೊಳ ಎತ್ತರ ಇದ್ದಾನೆ. ಮೊಣಕೈ ತರಚಿದೆ, ಅಷ್ಟೇ. ಇವಳ ಕುತ್ತಿಗೆ ಮೇಲೆ ಅವನ ಉಗುರಿನ ಗೀರು, ಕೆಂಪಗೆ. ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಮೊಣಕೈ ಮಾತ್ರ ಸ್ಕೂಲಿಗೆ ಸ್ಕೂಲೇ ನೋಡಿದೆ!

"ಕರಾಟೆ ಕಲಿಸಿ ರೌಡಿ ಮಾಡಿದ್ದೀರಿ," ಅಂದರು ಪ್ರಿನ್ಸಿಪಾಲರು. ಶುಕ್ರವಾರ ಹುಡುಗನ ಅಪ್ಪನೆದುರು ಸಾರಿ ಕೇಳಬೇಕಂತೆ. ಇಲ್ಲವಾದರೆ ಒಂದು ವಾರ ಸಸ್ಪೆಂಡ್.

ಅದೇ ದಿನ, ಸಂಜೆ

ಮನೆಯಲ್ಲಿ ಇವರ ತೀರ್ಪೂ ಬಂತು. "ಸಾರಿ ಅಂದ್ಬಿಟ್ರೆ ಮುಗೀತಲ್ಲ. ಕರಾಟೆ ಕ್ಲಾಸೂ ಸಾಕು."

ಮೈ ಉರಿದುಹೋಯಿತು. ಹಳದಿ ಬೆಲ್ಟ್ ಸಿಕ್ಕಾಗ ಕಂಡವರಿಗೆಲ್ಲ ಫೋಟೋ ತೋರಿಸಿದ್ದು ಇದೇ ಮನುಷ್ಯ. ಎರಡು ವರ್ಷದ ಹಿಂದೆ ಇವಳು ಹೇಗಿದ್ದಳು, ಮರೆತೇಹೋಯಿತಾ? ಯಾರಾದರೂ ಹೆಸರು ಕೇಳಿದರೆ ಕಣ್ಣಲ್ಲಿ ನೀರು. ಅಂಗಡಿಗೆ ಕಳಿಸಿದರೆ ಬರಿಗೈಲಿ ವಾಪಸ್. ಕ್ಲಾಸಿನಲ್ಲಿ ಮೊದಲ ತಿಂಗಳು ಕಲಿಸಿದ್ದು ಒಂದೇ — "ಬೇಡ" ಅಂತ ಗಟ್ಟಿಯಾಗಿ ಕೂಗುವುದು. ಈಗ ತಾನೇ ಏಳುತ್ತಾಳೆ, ನೆಟ್ಟಗೆ ನಡೆಯುತ್ತಾಳೆ, ಸೋತು ಬಂದ ದಿನವೂ ಹೊಟ್ಟೆ ತುಂಬ ಉಣ್ಣುತ್ತಾಳೆ. ಅದಕ್ಕೆ ಕಲ್ಲು ಹಾಕಬೇಕೇ?

ಜುಲೈ 9

ಜಡೆ ಹಾಕುತ್ತಾ ಕೇಳಿದೆ, ಏನಾಯಿತು ಅಂತ.

"ಹಿಂದಿನಿಂದ ಕುತ್ತಿಗೆ ಹಿಡಿದ. ಬಿಡು ಅಂದೆ. ಬಿಡ್ಲಿಲ್ಲ. ತಿರುಗಿ ಬಿಡಿಸ್ಕೊಂಡೆ, ಅವನು ಮುಗ್ಗರಿಸಿ ಬಿದ್ದ. ನಾನು ದೂರ ಹೋಗಿ ನಿಂತೆ."

"ಎರಡು ಬಿಗಿಯೋದಲ್ವೇನೆ!"

"ಬಿಡಿಸ್ಕೊಂಡ ಮೇಲೆ ಯಾಕಮ್ಮ ಹೊಡೀಬೇಕು? ಕರಾಟೆ ಮೇಡಂ ಬೆಲ್ಟ್ ಕಿತ್ಕೋತಾರೆ ಅಷ್ಟೇ."

ಜುಲೈ 11, ಶುಕ್ರವಾರ

ಪ್ರಿನ್ಸಿಪಾಲರ ರೂಮು. ಹುಡುಗನ ಅಪ್ಪ ಕಾಲಮೇಲೆ ಕಾಲು ಹಾಕಿ ಕೂತಿದ್ದ, ಪಕ್ಕದಲ್ಲಿ ಹುಡುಗ. "ಹೆಣ್ಮಕ್ಕಳಿಗೆ ಇದೆಲ್ಲ ಕಲಿಸಿದ್ರೆ ಹೀಗೇ. ನಾಳೆ ಗಂಡನಿಗೂ ಬಾರಿಸ್ತಾಳೆ." ಹಲ್ಲು ಕಿಸಿದ. ಪ್ರಿನ್ಸಿಪಾಲರೂ ನಕ್ಕರು. ಇವರು ನೆಲ ನೋಡುತ್ತಾ ಕೂತಿದ್ದರು!

ಯಾವಾಗ ಎದ್ದೆನೋ ಗೊತ್ತಿಲ್ಲ. ಕೈ ಎತ್ತಿಬಿಟ್ಟಿದ್ದೆ. ಯಾರೋ ಮಣಿಕಟ್ಟು ಹಿಡಿದರು — ಬಿಗಿಯಾಗಿ, ಆದರೆ ನೋಯದ ಹಾಗೆ. ಮಗಳು.

"ಅಮ್ಮ, ಕೈ ಇಳಿಸು."

ಇಳಿಸಿದೆ. ಅವಳು ಪ್ರಿನ್ಸಿಪಾಲರ ಕಡೆ ತಿರುಗಿದಳು. "ಸರ್, ನಾನು ಸಾರಿ ಹೇಳಲ್ಲ. ನಾನು ಹೊಡೀಲಿಲ್ಲ. ಯಾರು ಯಾರನ್ನ ಹಿಡಿದ್ರು, ಅವನನ್ನೇ ಕೇಳಿ." ದನಿ ಒಂದಿಷ್ಟೂ ನಡುಗಲಿಲ್ಲ.

ಹುಡುಗ ಗೊಣಗಿದ. "ನಾನೇ ಹಿಡಿದಿದ್ದು..."

"ಬಾಯ್ಮುಚ್ಚು," ಅಂದ ಅಪ್ಪ.

ಎಲ್ಲರೂ ಕೇಳಿಸಿಕೊಂಡರು. ಆದರೂ ಸಸ್ಪೆಂಡ್. "ಶಿಸ್ತು ಶಿಸ್ತೇ." ಹಿಡಿದವನಿಗೆ ಏನೂ ಇಲ್ಲ. ಥೂ!

ಜುಲೈ 13, ಭಾನುವಾರ

ನಿನ್ನೆ ಸಂಜೆ ಇವರೇ ಸ್ಕೂಟರ್ ಹೊರಗೆ ತೆಗೆದರು. "ಕ್ಲಾಸಿಗೆ ಹೊತ್ತಾಯ್ತು, ಹೊರಡಮ್ಮ," ಅಂದರು ಮಗಳಿಗೆ. ನನ್ನ ಮುಖ ನೋಡಲಿಲ್ಲ. ನೋಡಿದ್ದರೂ ನಾನು ಕರಗುತ್ತಿರಲಿಲ್ಲ. ಅಲ್ಲಿ ಬಾಯಿ ಬಿಡಬೇಕಿತ್ತು.

ಕರೆತರಲು ನಾನು ಹೋದಾಗ ಕ್ಲಾಸಿನ ಹೊರಗೆ ಒಬ್ಬಳು ತಾಯಿ ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಮಗಳು ಅದೇ ಸ್ಕೂಲಲ್ಲಿ ಏಳನೇ ಕ್ಲಾಸಂತೆ. "ಅದೇ ಹುಡುಗ ನನ್ನ ಮಗಳನ್ನೂ... ಎರಡು ಸಲ. ಹೇಳೋಕೆ ಹೆದರಿ ಸುಮ್ಮನಿದ್ವಿ. ನಿಮ್ಮ ಮಗಳು ನಿಂತಿದ್ದು ಕೇಳಿ ಇವಳೂ ಬಾಯಿ ಬಿಟ್ಟಳು. ಇವಳನ್ನೂ ಇಲ್ಲಿಗೆ ಸೇರಿಸೋಣ ಅಂತ ಬಂದೆ."

ಇನ್ನೆಷ್ಟು ಹುಡುಗಿಯರು?

ನಾಳೆ ಲ್ಯಾಬಿಗೆ ರಜೆ ಹಾಕಿದ್ದೇನೆ. ಆ ತಾಯಿ, ನಾನು, ಇಬ್ಬರೂ ಒಟ್ಟಿಗೆ ಪ್ರಿನ್ಸಿಪಾಲರ ಹತ್ತಿರ ಹೋಗುತ್ತೇವೆ. ಕೂಗಾಡುವುದಿಲ್ಲ. ಎದ್ದೂ ಬರುವುದಿಲ್ಲ. ಅವರು ಏನು ಹೇಳಿದರೂ ಸರಿ, ಮೊದಲು ಆ ಹುಡುಗನ ಮೇಲೆ ದೂರು ಬರೆದುಕೊಳ್ಳಲಿ.

ಬಾಗಿಲು ತಟ್ಟುತ್ತಿದ್ದಾರೆ. ಯಾರೋ ಹೆಂಗಸಿನ ದನಿ, ಜೊತೆಗೊಂದು ಹುಡುಗಿ. ಆ ಹುಡುಗನ ಬಗ್ಗೆ ಮಾತಾಡಬೇಕಂತೆ. ಇನ್ನೂ ಒಬ್ಬಳು ತಾಯಿ.