ತಿಜೋರಿ ತೆರೆದ ಕೈ

ಲಾಸ್ ಏಂಜಲೀಸ್
ನವೆಂಬರ್ ೧೨, ೧೯೫೦

ಪ್ರೀತಿಯ ಹೆಟ್ಟಿ ಅಕ್ಕನಿಗೆ,

ನೀನು ಕಳಿಸಿದ ಸೇಬಿನ ಜಾಮ್ ಮುಗಿದು ಬಾಟಲಿ ತೊಳೆದಿಟ್ಟದ್ದೂ ಆಯಿತು, ನನ್ನ ಕಾಗದ ಮಾತ್ರ ಈಗ ಹೊರಟಿದೆ. ಬೈದುಕೊ, ಆದರೆ ಓದು. ಸ್ಟುಡಿಯೋದಲ್ಲಿ ಹೊಲಿಗೆ ಕೆಲಸ ತಲೆಯ ಮೇಲಿತ್ತು.

ನಮ್ಮ ಮನೆಯವರು, ಓರಿನ್, ನಟಿಸಿದ ದರೋಡೆ ಚಿತ್ರ ಕೊನೆಗೂ ತೆರೆ ಕಂಡಿತು. ಕಡಿಮೆ ಖರ್ಚಿನ ಚಿತ್ರ ಅಕ್ಕ. ರಟ್ಟಿನ ಗೋಡೆಗೆ ಒರಗಿದರೆ ಇಡೀ ಬ್ಯಾಂಕೇ ಅಲುಗುತ್ತಿತ್ತು. ಅದು ಕಾಣಬಾರದೆಂದು ನಿರ್ದೇಶಕ ಕ್ರೌಸ್ ಅರ್ಧ ದೀಪ ಆರಿಸಿಬಿಡುತ್ತಿದ್ದ. ಪತ್ರಿಕೆಯವರು ಅದನ್ನೇ ಕಲೆ ಎಂದು ಹೊಗಳಿದ್ದಾರೆ. ಕಳ್ಳರೆಲ್ಲ ಕೊನೆಗೆ ಸಾಯುತ್ತಾರೆ, ಇಲ್ಲದಿದ್ದರೆ ಸೆನ್ಸಾರಿನವರು ಬಿಡುವುದಿಲ್ಲ. ಓರಿನ್‌ಗೆ ತಿಜೋರಿ ಒಡೆಯುವ ಮುದಿ ಕಳ್ಳನ ಪಾತ್ರ.

ಅವರ ಕೈ ನಡುಕದ ವಿಷಯ ಬರೆದಿದ್ದೆನಲ್ಲ, ಅದು ಹೆಚ್ಚಾಗಿದೆ. ಕಾಫಿಯನ್ನು ಅರ್ಧ ಬಟ್ಟಲು ಮಾತ್ರ ಕೊಡುತ್ತೇನೆ. ನಟನೆ ಬಿಟ್ಟರೆ ಅವರಿಗೆ ಬೇರೆ ಬದುಕಿಲ್ಲ. "ಕ್ಯಾಮೆರಾ ಮುಂದೆ ನಿಂತ್ರೆ ನಡುಕ ತಾನಾಗೇ ನಿಂತ್ಹೋಗತ್ತೆ ಕಣೇ ಅರ್ಲೀನ್" ಅನ್ನುತ್ತಿದ್ದರು. ಆ ನಂಬಿಕೆಯ ಮೇಲೆಯೇ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಶನಿವಾರ ಇಬ್ಬರೂ ಹೋಗಿ ನೋಡಿದೆವು. ತಿಜೋರಿಯ ದೃಶ್ಯದಲ್ಲಿ ತೆರೆ ತುಂಬ ಎರಡು ಕೈ, ಒಂದಿಷ್ಟೂ ಅಲುಗದೆ ಬೀಗದ ಚಕ್ರ ತಿರುಗಿಸುತ್ತವೆ. ಹಿಂದಿನ ಸಾಲಿನವನೊಬ್ಬ, "ಮುದುಕನ ಕೈ ನೋಡೋ, ಕಲ್ಲಿದ್ದಂಗಿದೆ" ಅಂದ. ಓರಿನ್ ಕತ್ತಲಲ್ಲಿ ನನ್ನ ಕೈ ಹಿಡಿದು, "ನಾನ್ ಹೇಳ್ಲಿಲ್ವಾ?" ಎಂದರು. ನನಗೆ ಅಳು ಬಂತು. ಮನೆಯವರೆಗೂ ಅವರು ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟುಕೊಂಡೇ ನಡೆದರು.

ಭಾವನ ಬೆನ್ನುನೋವು ಬೇಗ ವಾಸಿಯಾಗಲಿ. ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಅರ್ಲೀನ್

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಧೈರ್ಯ ಬರಲಿಲ್ಲ. ಆ ಕೈಗಳು ನನ್ನವು. ಓರಿನ್ ಕೈಯನ್ನೂ ಹಲವು ಸಲ ಚಿತ್ರೀಕರಿಸಿದ್ದರು, ನಡುಕದಿಂದಾಗಿ ಒಂದೂ ಬಳಸುವಂತಿರಲಿಲ್ಲ. ಅವರು ಮನೆಗೆ ಹೋದ ಮೇಲೆ ಕ್ರೌಸ್ ಹೊಲಿಗೆ ಕೋಣೆಗೆ ಬಂದು, "ನಿನ್ ಕೈ ಗಂಡಸಿನ ಥರಾನೇ ಇದೆಯಲ್ಲ. ಓರಿನ್ ಕೋಟು ಹಾಕ್ಕೊಂಡು ಬಾ, ಅವನಿಗೆ ಹೇಳೋದು ಬೇಡ" ಅಂದ. ಕೋಟಿನ ತೋಳು ನಾನೇ ಸರಿಮಾಡಿಕೊಂಡೆ, ಉಂಗುರ ತೆಗೆದಿಟ್ಟೆ. ಹೆಬ್ಬೆರಳ ಮೇಲಿನ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಕಲೆ ಮಾತ್ರ ನೆನಪಾಗಲಿಲ್ಲ. ಮದುವೆಯ ಹೊಸತರಲ್ಲಿ ಆ ಗಾಯಕ್ಕೆ ಬೆಣ್ಣೆ ಹಚ್ಚಿದವರು ಅವರೇ. ತೆರೆಯ ಮೇಲೆ ಅದು ತಟ್ಟೆಯಷ್ಟಗಲ ಕಂಡಿತು. ಕತ್ತಲಲ್ಲಿ ಅವರ ಬೆರಳು ನನ್ನ ಹೆಬ್ಬೆರಳನ್ನು ತಡಕಿ, ಆ ಕಲೆಯ ಮೇಲೆ ನಿಂತಿತು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲಿಟ್ಟುಬಿಟ್ಟರು. ಅಂದಿನಿಂದ, ನಾನು ಅಡುಗೆಮನೆಯಿಂದ ಹೊರಗೆ ಹೋಗುವವರೆಗೆ ಅವರು ಕಾಫಿ ಬಟ್ಟಲನ್ನು ಮುಟ್ಟುವುದಿಲ್ಲ.